ಬುತ್ತಿ ಕಟ್ಟಿದವರು, ಬುತ್ತಿ ಉಂಡವರು

ಶಾಲೆಯಿಂದ ಮಗು ಮನೆಗೆ ಬಂದೊಡನೆ ತಾಯಿ ಮೊದಲು ತೆಗೆದು ನೋಡುವುದು ಪಾಟಿಚೀಲದೊಳಗಿನ ಊಟದ ಡಬ್ಬಿಯನ್ನು. ಬೆಳಿಗ್ಗೆ ಕಟ್ಟಿಕೊಟ್ಟ ಪಲ್ಯ ಹಾಗೆಯೇ ಉಳಿದಿದ್ದರೆ ವಿಚಾರಣೆ ಶುರುವಾಗುತ್ತದೆ. ಸೊಪ್ಪು ಒಳ್ಳೆಯದು, ಕಾಳು ಒಳ್ಳೆಯದು, ತಿನ್ನದಿದ್ದರೆ ಮೈಗೆ ಶಕ್ತಿ ಎಲ್ಲಿಂದ ಬರಬೇಕು ಎಂದು ತಾಯಿ. ತಣ್ಣಗಾಗಿತ್ತು, ದಿನಾ ಅದೇ, ತಿನ್ನಲು ಹೊತ್ತೇ ಸಿಗಲಿಲ್ಲ ಎಂದು ಮಗು. ಇಬ್ಬರ ಮಾತೂ ಸುಳ್ಳಲ್ಲ. ಇದೇ ಜಗಳ ಜಗತ್ತಿನ ದೊಡ್ಡ ದೊಡ್ಡ ಸೈನ್ಯಗಳಲ್ಲಿಯೂ ನಡೆದಿದೆ. ಅಲ್ಲಿ ಬುತ್ತಿ ಕಟ್ಟಿದವರು ವಿಜ್ಞಾನಿಗಳು, ಉಂಡವರು ಸಿಪಾಯಿಗಳು. ತಿನ್ನದೆ ಬಿಟ್ಟದ್ದರ ಬೆಲೆಯನ್ನು ಅಲ್ಲಿ ಕೆಲವೊಮ್ಮೆ ಆರೋಗ್ಯದಿಂದ, ಕೆಲವೊಮ್ಮೆ ಜೀವದಿಂದಲೇ ತೆರಬೇಕಾಯಿತು.

ಯುದ್ಧ ಮುಗಿಸಿ ಮನೆಗೆ ಮರಳಿದ ಹಳೆಯ ಯೋಧರಲ್ಲಿ ಗುಂಡು, ರಕ್ತ, ಸಾವಿನ ಮಾತು ತೆಗೆಯಲು ಹಿಂಜರಿಯುವವರು ಬಹಳ. ಆದರೆ ಅಲ್ಲಿ ತಿಂದ ಊಟದ ಮಾತು ಬಂದರೆ ಅವರ ನಾಲಗೆ ಸಡಿಲವಾಗುತ್ತದೆ. ಬಿಸ್ಕತ್ತು ಎಷ್ಟು ಗಟ್ಟಿ ಇತ್ತು, ಡಬ್ಬಿಯ ಮಾಂಸ ಎಂಥ ವಾಸನೆ ಹೊಡೆಯುತ್ತಿತ್ತು, ಒಂದು ತುಂಡು ಸಿಹಿಗಾಗಿ ಏನೇನು ಅದಲು ಬದಲು ನಡೆಯುತ್ತಿತ್ತು ಎಂಬುದು ಐವತ್ತು ವರ್ಷದ ಮೇಲೂ ಅವರ ನೆನಪಿನಲ್ಲಿ ಅಚ್ಚಳಿಯದೆ ಉಳಿದಿರುತ್ತದೆ. ಕೇಳುವವರಿಗೆ ಇದೊಂದು ತಮಾಷೆ. ಆದರೆ ಈ ಗೊಣಗಾಟವನ್ನು ಕಿವಿಗೊಟ್ಟು ಕೇಳಿದರೆ ಅದರಲ್ಲಿ ಪೋಷಣಶಾಸ್ತ್ರದ ಒಂದು ದೊಡ್ಡ ಪಾಠವೇ ಅಡಗಿದೆ.

ರುಚಿಸಬಾರದ ಚಾಕೊಲೇಟ್

ರುಚಿಯಾಗಿರಬಾರದು ಎಂಬ ಕರಾರಿನ ಮೇಲೆ ಯಾರಾದರೂ ಚಾಕೊಲೇಟ್ ಮಾಡಿಸುವುದುಂಟೆ? 1937ರಲ್ಲಿ ಅಮೆರಿಕದ ಸೈನ್ಯ ಮಾಡಿಸಿತು. ಸೈನ್ಯದ ಸರಬರಾಜು ವಿಭಾಗದ ಕ್ಯಾಪ್ಟನ್ ಪಾಲ್ ಲೋಗನ್ ಎಂಬ ಅಧಿಕಾರಿ ಹೆಸರಾಂತ ಹರ್ಷೆ ಕಂಪನಿಯ ಮುಂದಿಟ್ಟ ಬೇಡಿಕೆಗಳು ನಾಲ್ಕು. ತೂಕ ನಾಲ್ಕು ಔನ್ಸ್, ಅಂದರೆ ಸುಮಾರು 113 ಗ್ರಾಂ ಮೀರಬಾರದು. ಬಿಸಿಲಿಗೆ ಕರಗಬಾರದು. ಶಕ್ತಿ ತುಂಬಿರಬೇಕು. ನಾಲ್ಕನೆಯದು, ಅದರ ರುಚಿ ಬೇಯಿಸಿದ ಆಲೂಗಡ್ಡೆಗಿಂತ ತುಸು ಮೇಲಿದ್ದರೆ ಸಾಕು. ಕಾರಣ ಸರಳ. ಇದು ಬೇರೆ ಏನೂ ಸಿಗದ ಕಟ್ಟಕಡೆಯ ಗಳಿಗೆಗೆಂದು ಜೇಬಿನಲ್ಲಿ ಇರಬೇಕಾದದ್ದು. ಬಾಯಿಗೆ ಹಿತವಾಗಿದ್ದರೆ ಸಿಪಾಯಿ ಮೊದಲ ದಿನವೇ ತಿಂದು ಮುಗಿಸಿಬಿಡುತ್ತಾನೆ ಎಂಬುದು ಲೋಗನ್ ಲೆಕ್ಕ.

ಚಾಕೊಲೇಟ್, ಸಕ್ಕರೆ, ಹಾಲಿನ ಪುಡಿ, ಓಟ್ಸ್ ಹಿಟ್ಟು ಸೇರಿಸಿ ಮಾಡಿದ ಆ ತುಂಡಿನಲ್ಲಿ 600 ಕ್ಯಾಲೊರಿ ಇತ್ತು. ಕಲಸಿದ ಮುದ್ದೆ ಎಷ್ಟು ಮಂದವಾಗಿತ್ತೆಂದರೆ ಅಚ್ಚಿಗೆ ಸುರಿಯಲು ಬಾರದೆ ಮೊದಮೊದಲು ಕೈಯಿಂದಲೇ ಒತ್ತಿ ತುಂಬಬೇಕಾಯಿತು. 'ಡಿ ರೇಷನ್' ಎಂದು ಹೆಸರು ಪಡೆದ ಇದು ಕಹಿ, ಕಲ್ಲಿನಂತೆ ಗಟ್ಟಿ. ಹಲ್ಲಿಗೆ ಬಗ್ಗದೆ ಚಾಕುವಿನಿಂದ ಹೆರೆದು ತಿಂದವರಿದ್ದಾರೆ. ಹೊಟ್ಟೆಗೆ ಅದು ಕೊಟ್ಟ ಕಾಟಕ್ಕೆ ಸಿಪಾಯಿಗಳು ಇಟ್ಟ ಅಡ್ಡಹೆಸರು 'ಹಿಟ್ಲರನ ಗುಪ್ತಾಸ್ತ್ರ'. ಸೈನ್ಯದ ಕರಾರೇನೋ ಅಕ್ಷರಶಃ ಈಡೇರಿತು, ಆದರೆ ಅಗತ್ಯಕ್ಕಿಂತ ಹೆಚ್ಚಾಗಿ ಈಡೇರಿತು. ಆಪತ್ತಿಗೆಂದು ಇಟ್ಟುಕೊಳ್ಳಬೇಕಾದದ್ದನ್ನು ಎಷ್ಟೋ ಮಂದಿ ದಾರಿಯಲ್ಲೇ ಎಸೆದು ಹೋದರು.

ಮೂರು ಪೆಟ್ಟಿಗೆಯ ಊಟ

1941ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ ಅವರಿಗೆ ಸೈನ್ಯದಿಂದ ಇನ್ನೊಂದು ಕೆಲಸ ಬಂತು. ಪ್ಯಾರಾಶೂಟ್ ಕಟ್ಟಿಕೊಂಡು ಹಾರುವ ಸಿಪಾಯಿಯ ಜೇಬಿನಲ್ಲಿ ಹಿಡಿಯುವಂಥ, ಕೆಡದ, ಬೇಯಿಸದೆ ತಿನ್ನಬಹುದಾದ ಊಟ ಬೇಕಾಗಿತ್ತು. ಕೀಸ್ ಮಾಡಿದ್ದು ಬಹಳ ಸಾದಾ ಕೆಲಸ. ಊರಿನ ದಿನಸಿ ಅಂಗಡಿಗೆ ಹೋಗಿ ಗಟ್ಟಿ ಬಿಸ್ಕತ್ತು, ಒಣಗಿಸಿದ ಮಾಂಸ, ಪೆಪ್ಪರ್‌ಮಿಂಟು, ಚಾಕೊಲೇಟ್ ಕೊಂಡುತಂದರು. 3,200 ಕ್ಯಾಲೊರಿಯ ಆ ಗಂಟನ್ನು ಆರು ಜನ ಸಿಪಾಯಿಗಳಿಗೆ ಕೊಟ್ಟು ನೋಡಿದರು. ಪರವಾಗಿಲ್ಲ ಎಂದವರಿಂದ ಹಿಡಿದು ಏನೂ ಇಲ್ಲದ್ದಕ್ಕಿಂತ ವಾಸಿ ಎಂದವರವರೆಗೆ ಅಭಿಪ್ರಾಯಗಳು ಬಂದವು.

ಸೈನ್ಯದ ಆಹಾರ ಪ್ರಯೋಗಾಲಯ ಇದನ್ನೇ ತಿದ್ದಿ ತೀಡಿ 'ಕೆ ರೇಷನ್' ಮಾಡಿತು. ಕೀಸ್ ಹೆಸರಿನ ಮೊದಲಕ್ಷರದಿಂದಲೇ ಆ ಹೆಸರು ಬಂತೆಂಬ ನಂಬಿಕೆ ಜನಪ್ರಿಯವಾಗಿದೆ. ಬೆಳಿಗ್ಗೆಗೆ, ಮಧ್ಯಾಹ್ನಕ್ಕೆ, ರಾತ್ರಿಗೆ ಎಂದು ಇಟ್ಟಿಗೆಯಾಕಾರದ ಮೂರು ರಟ್ಟಿನ ಪೆಟ್ಟಿಗೆ. ಒಂದರಲ್ಲಿ ಮೊಟ್ಟೆ ಬೆರೆಸಿದ ಮಾಂಸದ ಡಬ್ಬಿ, ಇನ್ನೊಂದರಲ್ಲಿ ಚೀಸ್, ಮತ್ತೊಂದರಲ್ಲಿ ಬರಿಯ ಮಾಂಸ. ಜತೆಗೆ ಬಿಸ್ಕತ್ತು, ಕಾಫಿಪುಡಿ, ಸಕ್ಕರೆ, ನೀರಿಗೆ ಬೆರೆಸುವ ನಿಂಬೆ ಪುಡಿ, ಅಗಿಯುವ ಗಮ್. ಆ ಕಾಲದ ರೂಢಿಯಂತೆ ಸಿಗರೇಟು ಕೂಡ! ಒಳಪೆಟ್ಟಿಗೆಗೆ ಮೇಣ ಹಚ್ಚಿರುತ್ತಿತ್ತು. ಊಟವಾದ ಮೇಲೆ ಅದನ್ನೇ ಉರಿಸಿದರೆ ಒಂದು ಲೋಟ ಕಾಫಿ ಬಿಸಿಯಾಗುತ್ತಿತ್ತು. ಹಳೆಯ ಯೋಧರು ಕೆ ರೇಷನ್ನನ್ನು ಹೊಗಳುವುದಾದರೆ ಮೊದಲು ಹೊಗಳುವುದು ಈ ಮೇಣದ ರಟ್ಟನ್ನೇ.

ಮೂರೂ ಪೆಟ್ಟಿಗೆ ಖಾಲಿ ಮಾಡಿದವನಿಗೆ ದಿನಕ್ಕೆ ಹೆಚ್ಚುಕಡಿಮೆ 2,800 ಕ್ಯಾಲೊರಿ ಸಿಗುತ್ತಿತ್ತು. ಕಾಗದದ ಮೇಲಿನ ಲೆಕ್ಕ ಚೊಕ್ಕವಾಗಿತ್ತು. ಆದರೆ ಆ ಲೆಕ್ಕದಲ್ಲಿ ಎರಡು ಷರತ್ತುಗಳಿದ್ದವು. ಇದು ಕೆಲವು ದಿನಗಳ ಊಟ ಮಾತ್ರ, ಹೆಚ್ಚೆಂದರೆ ಹದಿನೈದು ದಿನ. ಎರಡನೆಯದು, ಕೊಟ್ಟದ್ದನ್ನೆಲ್ಲ ಸಿಪಾಯಿ ತಿನ್ನಬೇಕು. ಯುದ್ಧಭೂಮಿಯಲ್ಲಿ ಎರಡೂ ಷರತ್ತು ಮುರಿದುಬಿದ್ದವು.

ಬರ್ಮಾದ ಕಾಡಿನಲ್ಲಿ

1944ರ ಫೆಬ್ರುವರಿಯಲ್ಲಿ ಅಸ್ಸಾಮಿನ ಲೇಡೊ ಕಡೆಯಿಂದ ಸುಮಾರು ಮೂರು ಸಾವಿರ ಅಮೆರಿಕನ್ ಸಿಪಾಯಿಗಳು ಕಾಲ್ನಡಿಗೆಯಲ್ಲಿ ಬರ್ಮಾದ ಬೆಟ್ಟಗಳನ್ನು ಹತ್ತಿದರು. ಫ್ರಾಂಕ್ ಮೆರಿಲ್ ಅವರ ನಾಯಕತ್ವದ ಈ ಪಡೆ 'ಮೆರಿಲನ ಮರಾಡರ್ಸ್' ಎಂದು ಹೆಸರಾಯಿತು. ಜಪಾನೀ ಸೈನ್ಯದ ಬೆನ್ನಹಿಂದೆ ನುಗ್ಗಿ ಮಿಚ್ಚಿನಾ ವಿಮಾನ ನಿಲ್ದಾಣವನ್ನು ಹಿಡಿಯುವುದು ಅವರ ಗುರಿ. ದಾರಿಯಿಲ್ಲದ ಕಾಡು, ಮಳೆ, ಜಿಗಣೆ, ಹೇಸರಗತ್ತೆಗಳ ಮೇಲೆ ಸಾಮಾನು. ಊಟವೆಲ್ಲ ವಿಮಾನದಿಂದ ಬೀಳಬೇಕು. ಬಿದ್ದದ್ದರಲ್ಲಿ ಹೆಚ್ಚಿನ ಪಾಲು ಕೆ ರೇಷನ್.

ಹದಿನೈದು ದಿನಕ್ಕೆಂದು ಮಾಡಿದ ಪೆಟ್ಟಿಗೆಯ ಮೇಲೆ ಅವರು ತಿಂಗಳುಗಟ್ಟಲೆ ಬದುಕಿದರು. ಬೆನ್ನ ಮೇಲೆ ಹೊರೆ ಹೊತ್ತು ಬೆಟ್ಟ ಹತ್ತಿಳಿಯುವವನಿಗೆ ದಿನಕ್ಕೆ 4,000 ಕ್ಯಾಲೊರಿಯೂ ಸಾಲದೆ ಹೋಗಬಹುದು. ಅವರಿಗೆ ಸಿಕ್ಕುತ್ತಿದ್ದದ್ದೇ ಅದಕ್ಕಿಂತ ಬಹಳ ಕಡಿಮೆ. ಅದರಲ್ಲೂ ದಿನಾ ಅದದೇ ಮಾಂಸದ ಡಬ್ಬಿ ಕಂಡರೆ ವಾಕರಿಕೆ. ಮುಚ್ಚಳ ತೆಗೆದು ಎಸೆದವರು ಅನೇಕ. ನಿಂಬೆ ಪುಡಿಯಂತೂ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಕುಡಿಯುವುದರ ಬದಲು ಸಿಪಾಯಿಗಳು ಅದನ್ನು ಪಾತ್ರೆ, ನೆಲ ಉಜ್ಜಲು ಬಳಸಿದರು ಎಂಬುದು ಆ ಯುದ್ಧದ ಅನೇಕ ಯೋಧರು ನಗುನಗುತ್ತ ಹೇಳುವ ಕತೆ. ನಗು ಬರುವುದು ನಿಜ. ಆದರೆ ಆ ಬುತ್ತಿಯಲ್ಲಿದ್ದ 'ಸಿ' ವಿಟಮಿನ್ನಿನ ಮುಖ್ಯ ಮೂಲ ಆ ಪುಡಿಯೇ ಆಗಿತ್ತು!

ಮೇ 17ರಂದು ವಿಮಾನ ನಿಲ್ದಾಣ ವಶವಾಯಿತು. ಅಷ್ಟು ಹೊತ್ತಿಗೆ ಸಿಪಾಯಿಗಳು ಅಸ್ಥಿಪಂಜರಗಳಾಗಿದ್ದರು. ಸರಾಸರಿ ಒಬ್ಬೊಬ್ಬರು 35 ಪೌಂಡ್, ಅಂದರೆ ಸುಮಾರು 16 ಕಿಲೊ ತೂಕ ಕಳೆದುಕೊಂಡಿದ್ದರು. ಪೋಷಣೆಯಿಲ್ಲದ ಮೈಗೆ ಮಲೇರಿಯ, ಆಮಶಂಕೆ, ಟೈಫಸ್ ಜ್ವರಗಳು ಸುಲಭವಾಗಿ ತಗಲಿದವು. ಶತ್ರುವಿನ ಗುಂಡಿಗಿಂತ ರೋಗಕ್ಕೆ ಬಿದ್ದವರೇ ಹೆಚ್ಚು. ಆಗಸ್ಟ್ ತಿಂಗಳಲ್ಲಿ ಆ ಪಡೆಯನ್ನೇ ವಿಸರ್ಜಿಸಲಾಯಿತು. ಅದೇ ವರ್ಷ ಬರ್ಮಾದ ಕಾಡಿನಲ್ಲಿ ಅದೇ ಪೆಟ್ಟಿಗೆಯನ್ನು ನೆಚ್ಚಿ ಕಾದಾಡಿದ ಬ್ರಿಟಿಷರ 'ಚಿಂಡಿಟ್' ಪಡೆಯ ಪಾಡೂ ಬೇರೆಯಾಗಿರಲಿಲ್ಲ.

ತಪ್ಪು ಯಾರದು? ಪೆಟ್ಟಿಗೆ ಮಾಡಿದವರು ಹದಿನೈದು ದಿನ ಎಂದು ಹೇಳಿಯೇ ಇದ್ದರು. ಸರಬರಾಜು ಮಾಡುವ ಅಧಿಕಾರಿಗಳು ಮಾತ್ರ ಪೆಟ್ಟಿಗೆಯಲ್ಲಿ ಎಲ್ಲ ಪೋಷಕಾಂಶವೂ ಇದೆ, ಮತ್ತೇನೂ ಬೇಕಿಲ್ಲ ಎಂದುಕೊಂಡರು. ಸಿಪಾಯಿಯ ಗೊಣಗಾಟ ಅವರಿಗೆ ಶಿಸ್ತಿಲ್ಲದವನ ಮಾತಾಗಿ ಕೇಳಿಸಿತು. 1948ರಲ್ಲಿ ಕೆ ರೇಷನ್ ಸೈನ್ಯದ ಪಟ್ಟಿಯಿಂದಲೇ ಹೋಯಿತು.

ಹಸಿವು ಬರೆದ ನೆನಪು

ಆನ್ಸೆಲ್ ಕೀಸ್ ಅವರ ಕತೆ ಅಲ್ಲಿಗೆ ಮುಗಿಯಲಿಲ್ಲ. ಯುದ್ಧದಿಂದ ಬರಗಾಲ ಬಿದ್ದ ಯುರೋಪಿನ ಜನರನ್ನು ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆಂದು ತಿಳಿಯಲು 1944ರ ನವೆಂಬರಿನಲ್ಲಿ ಅವರು ಇನ್ನೊಂದು ಪ್ರಯೋಗ ಆರಂಭಿಸಿದರು. ಆಯುಧ ಹಿಡಿಯುವುದು ತಮ್ಮ ಮನಸ್ಸಾಕ್ಷಿಗೆ ಒಪ್ಪದೆಂದು ಯುದ್ಧಕ್ಕೆ ಹೋಗದ 36 ತರುಣರು ಸ್ವಇಚ್ಛೆಯಿಂದ ಮುಂದೆ ಬಂದರು. 24 ವಾರಗಳ ಕಾಲ ಅರೆಹೊಟ್ಟೆ. ಬ್ರೆಡ್ಡು, ಆಲೂಗಡ್ಡೆ, ಕೋಸು, ಗೆಡ್ಡೆಗಳ ಬಡ ಊಟ, ಅದೂ ದಿನಕ್ಕೆ ಎರಡೇ ಹೊತ್ತು. ಅವರ ತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು.

ಆದರೆ ಕೀಸ್ ಅವರನ್ನು ಬೆರಗುಗೊಳಿಸಿದ್ದು ಮೈಗಿಂತ ಮನಸ್ಸಿಗೆ ಆದದ್ದು. ಸ್ನೇಹ, ಓದು, ರಾಜಕೀಯ ಎಲ್ಲದರಲ್ಲೂ ಆಸಕ್ತಿ ಬತ್ತಿತು. ಹಗಲಿರುಳು ಊಟದ್ದೇ ಧ್ಯಾನ. ತಟ್ಟೆ ನೆಕ್ಕುವುದು, ಒಂದೊಂದು ತುತ್ತನ್ನೂ ಗಂಟೆಗಟ್ಟಲೆ ಎಳೆಯುವುದು, ಹಿಂದೆಂದೂ ಒಲೆಯ ಮುಂದೆ ನಿಲ್ಲದವರು ಪಾಕಶಾಸ್ತ್ರದ ಪುಸ್ತಕಗಳನ್ನು ಕತೆಯಂತೆ ಓದುವುದು ನಡೆಯಿತು. ಹಳೆಯ ಯೋಧರು ಊಟವನ್ನೇ ಏಕೆ ನೆನೆಯುತ್ತಾರೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರದ ಒಂದು ಎಳೆ ಸಿಗುತ್ತದೆ. ಹಸಿದ ಮಿದುಳು ಅನ್ನವನ್ನು ಬಿಟ್ಟು ಬೇರೇನನ್ನೂ ಅಷ್ಟು ಆಳವಾಗಿ ಬರೆದಿಟ್ಟುಕೊಳ್ಳುವುದಿಲ್ಲ.

ಕೂಟ್‌ನ ಮುತ್ತಿಗೆ

ಭಾರತೀಯ ಸಿಪಾಯಿಯ ಅನುಭವ ಇನ್ನೂ ಹಿಂದಿನದು, ಇನ್ನೂ ಕಠೋರವಾದದ್ದು. ಮೊದಲನೆಯ ಮಹಾಯುದ್ಧದಲ್ಲಿ ಇಂದಿನ ಇರಾಕಿನ ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕೂಟ್ ಪಟ್ಟಣದಲ್ಲಿ ಜನರಲ್ ಟೌನ್‌ಶೆಂಡ್ ಅವರ ಆರನೆಯ ಪೂನಾ ಡಿವಿಷನ್ ತುರ್ಕರ ಮುತ್ತಿಗೆಗೆ ಸಿಕ್ಕಿತು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ, ಐದು ತಿಂಗಳಿಗೆ ಕೆಲವೇ ದಿನ ಕಡಿಮೆ. ಒಳಗಿದ್ದವರಲ್ಲಿ ಹೆಚ್ಚಿನವರು ಭಾರತೀಯರು. ದಾಸ್ತಾನು ಕರಗಿದಂತೆ ಸೈನ್ಯದ ಕುದುರೆಗಳನ್ನೇ ಕಡಿದು ಹಂಚಲಾಯಿತು. ಬ್ರಿಟಿಷ್ ಸಿಪಾಯಿಗಳು ತಿಂದರು. ಭಾರತೀಯ ಸಿಪಾಯಿಗಳಲ್ಲಿ ಹೆಚ್ಚಿನವರು ಮುಟ್ಟಲಿಲ್ಲ. ಧರ್ಮ ಒಂದು ಕಾರಣ. ಕುದುರೆ ತಿಂದ ಸುದ್ದಿ ಊರಿಗೆ ಮುಟ್ಟಿದರೆ ತನ್ನನ್ನು ಜಾತಿಯಿಂದ ಹೊರಗಿಡುತ್ತಾರೆ, ಮಗಳ ಮದುವೆ ನಿಲ್ಲುತ್ತದೆ ಎಂಬಂಥ ಭಯ ಇನ್ನೊಂದು. ಧರ್ಮಗುರುಗಳಿಂದ ಅನುಮತಿಯ ಸಂದೇಶ ತರಿಸಿದರೂ ಅನೇಕರು ಒಪ್ಪಿದ್ದು ಕೊನೆಯ ವಾರಗಳಲ್ಲಿ ಮಾತ್ರ.

ಆಗ ವೈದ್ಯರು ಒಂದು ವಿಚಿತ್ರವನ್ನು ಕಂಡರು. ಒಂದೇ ಮುತ್ತಿಗೆಯಲ್ಲಿ, ಒಂದೇ ಊರಿನಲ್ಲಿ, ಎರಡು ಗುಂಪಿಗೆ ಎರಡು ಬೇರೆ ರೋಗ. ಭಾರತೀಯರ ಒಸಡು ಊದಿ ರಕ್ತ ಒಸರುವ ಸ್ಕರ್ವಿ. ಬ್ರಿಟಿಷರಿಗೆ ಕಾಲು ಊದಿ ನರ ಸೋಲುವ ಬೆರಿಬೆರಿ. ವಿಟಮಿನ್ ಎಂಬ ಪದ ಹುಟ್ಟಿ ಆಗಿನ್ನೂ ನಾಲ್ಕು ವರ್ಷ. ರಹಸ್ಯ ಇದ್ದದ್ದು ಬುತ್ತಿಯಲ್ಲಿ. ಬ್ರಿಟಿಷರದು ಬಿಳಿ ಮೈದಾ ಹಿಟ್ಟಿನ ಬ್ರೆಡ್ಡು, ಭಾರತೀಯರದು ಇಡೀ ಗೋಧಿಯ ಹಿಟ್ಟು. ಬೂಸಾ ಎಂದು ದನಕ್ಕೆ ಹಾಕುವ ಗೋಧಿಯ ಸಿಪ್ಪೆಯಲ್ಲಿಯೇ ಬೆರಿಬೆರಿಯನ್ನು ತಡೆಯುವ 'ಬಿ-1' ವಿಟಮಿನ್ ಇದೆ. ಇತ್ತ ತರಕಾರಿ ಇಲ್ಲದ ಊರಿನಲ್ಲಿ 'ಸಿ' ವಿಟಮಿನ್ ಅಷ್ಟಿಷ್ಟು ಸಿಗುತ್ತಿದ್ದದ್ದು ಕುದುರೆಯ ತಾಜಾ ಮಾಂಸದಲ್ಲಿ. ಮೈದಾ ಮುಗಿದು ಬ್ರಿಟಿಷರಿಗೂ ಗೋಧಿ, ಜವೆಯ ಇಡೀ ಹಿಟ್ಟನ್ನೇ ಕೊಡಬೇಕಾಗಿ ಬಂದಾಗ ಅವರ ಬೆರಿಬೆರಿ ತಾನಾಗಿಯೇ ನಿಂತಿತು. ಕೊರತೆಯೇ ಮದ್ದಾಯಿತು.

ಭಾರತೀಯರಿಗೆ ಆ ಅದೃಷ್ಟವಿರಲಿಲ್ಲ. ವಿಮಾನಗಳಿಂದ ಆಹಾರ ಉದುರಿಸುವ ಪ್ರಯತ್ನ, ಇತಿಹಾಸದಲ್ಲಿಯೇ ಅಂಥ ಮೊದಲ ಪ್ರಯತ್ನಗಳಲ್ಲಿ ಒಂದು, ಇಲ್ಲಿ ನಡೆಯಿತಾದರೂ ಸಾವಿರಾರು ಬಾಯಿಗೆ ಅದು ಯಾವ ಮೂಲೆಗೆ? ಪಟ್ಟಣ ಶರಣಾಯಿತು. ಸೆರೆಯ ದಾರಿಯಲ್ಲಿ ಸಾವಿರಾರು ಮಂದಿ ಅಳಿದರು. ಬದುಕಿ ಬಂದವರಲ್ಲಿ ಬಂಗಾಳದ ಶಿಶಿರ್ ಸರ್ಬಾಧಿಕಾರಿ ಒಬ್ಬರು. ಗಾಯಾಳುಗಳ ಸೇವೆಗೆಂದು ಹೋಗಿದ್ದ ಅವರು ದಿನಚರಿಯ ಹಾಳೆಗಳನ್ನು ಬೂಟಿನೊಳಗೆ ಬಚ್ಚಿಟ್ಟು ತಂದು, ದಶಕಗಳ ನಂತರ 'ಅಭಿ ಲೇ ಬಗ್ದಾದ್' ಎಂಬ ಪುಸ್ತಕವಾಗಿಸಿದರು. ಸಾಮಾನ್ಯ ಸಿಪಾಯಿಗೆ ಓದುಬರಹವೇ ಇರಲಿಲ್ಲವಾದ್ದರಿಂದ ಉಳಿದ ಎಷ್ಟೋ ನೆನಪುಗಳು ಅವರೊಂದಿಗೇ ಮಣ್ಣಾದವು.

ಬೇಯದ ಬೇಳೆ

1962ರ ಅಕ್ಟೋಬರಿನಲ್ಲಿ ಚೀನಾದ ಗಡಿಯ ನಾಮ್ಕಾ ಚು ಹೊಳೆಯ ದಂಡೆಯಲ್ಲಿದ್ದ ಭಾರತೀಯ ಬ್ರಿಗೇಡಿನ ನೆನಪುಗಳು ಮಾತ್ರ ಅಕ್ಷರಕ್ಕಿಳಿದಿವೆ. ಅದರ ದಳಪತಿ ಬ್ರಿಗೇಡಿಯರ್ ಜಾನ್ ದಳವಿ ಸೆರೆಯಿಂದ ಬಿಡುಗಡೆಯಾದ ಮೇಲೆ ಬರೆದು, 1969ರಲ್ಲಿ ಪ್ರಕಟವಾದ 'ಹಿಮಾಲಯನ್ ಬ್ಲಂಡರ್' ಕನ್ನಡಕ್ಕೂ ಬಂದಿದೆ. ರಸ್ತೆಯಿಲ್ಲದ ಆ ಜಾಗಕ್ಕೆ ಊಟ, ಬಟ್ಟೆ, ಮದ್ದುಗುಂಡು ಎಲ್ಲವೂ ಸುಮಾರು 14,500 ಅಡಿ ಎತ್ತರದ ತ್ಸಾಂಗ್‌ಧಾರ್ ಎಂಬಲ್ಲಿ ವಿಮಾನದಿಂದ ಬೀಳಬೇಕಿತ್ತು. ಬಿದ್ದದ್ದರಲ್ಲಿ ಬಹಳಷ್ಟು ಕಣಿವೆಯ ಪಾಲು.

ಕೈಗೆ ಸಿಕ್ಕ ಬೇಳೆ ಅಕ್ಕಿಯನ್ನಾದರೂ ಅಂಥ ಎತ್ತರದಲ್ಲಿ ಬೇಯಿಸುವುದು ಹೇಗೆ? ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರುವಂತೆ, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ನೀರು ಕಡಿಮೆ ಉಷ್ಣತೆಗೇ ಕುದಿಯುತ್ತದೆ. 14,500 ಅಡಿಯ ಮೇಲೆ ಅದು ಹೆಚ್ಚುಕಡಿಮೆ 85 ಡಿಗ್ರಿ ಸೆಲ್ಸಿಯಸ್. ನೀರು ಕೊತಕೊತನೆ ಕುದಿಯುತ್ತದೆ, ಬೇಳೆ ಮಾತ್ರ ಕಲ್ಲಿನಂತೆ ಕೂತಿರುತ್ತದೆ. ಉರುವಲೂ ಹೊತ್ತು ತರಬೇಕಾದ ಕಡೆ ಗಂಟೆಗಟ್ಟಲೆ ಒಲೆ ಉರಿಸುವುದು ಯಾರಿಂದಾದೀತು? ಬಯಲುಸೀಮೆಯ ಅಡುಗೆಯನ್ನು ಹಿಮದ ಮೇಲೆ ಹೊತ್ತು ಹಾಕಿದರೆ ಅದು ಊಟವಾಗುವುದಿಲ್ಲ.

ಮೈಸೂರಿನ ಪೊಟ್ಟಣ

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸದಲ್ಲಿ ಮೈಸೂರಿನ ಪಾಲು ದೊಡ್ಡದು. ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ತಲೆಯೆತ್ತಿದ ಅದೇ ಊರಿನಲ್ಲಿ, 1961ರ ಡಿಸೆಂಬರಿನಲ್ಲಿ ಸೈನ್ಯದ ಊಟಕ್ಕೆಂದೇ ರಕ್ಷಣಾ ಆಹಾರ ಸಂಶೋಧನಾಲಯ ಆರಂಭವಾಯಿತು. ಅಲ್ಲಿಯ ವಿಜ್ಞಾನಿಗಳು ಕೈ ಹಾಕಿದ್ದು ಪರದೇಶದ ಬಿಸ್ಕತ್ತಿಗಲ್ಲ. ತಿಂಗಳುಗಟ್ಟಲೆ ಕೆಡದ ಚಪಾತಿ, ಬಿಸಿ ಮಾಡಿದರೆ ಸಾಕಾಗುವ ಪಲಾವು, ರವೆಯ ಹಲ್ವಾ ಇವು ಅವರ ಗುರಿ. ಸಿಪಾಯಿ ಮನೆಯಲ್ಲಿ ಏನು ಉಣ್ಣುತ್ತಾನೋ ಅದೇ ಅವನ ಬೆನ್ನ ಚೀಲದಲ್ಲೂ ಇರಬೇಕೆಂಬ ವಿಚಾರ ಅದರ ಹಿಂದಿತ್ತು. 1984ರಲ್ಲಿ ರಾಕೇಶ್ ಶರ್ಮ ಬಾಹ್ಯಾಕಾಶಕ್ಕೆ ಹೋದಾಗ ಅವರ ಜತೆಗೂ ಮೈಸೂರಿನ ಬುತ್ತಿ ಹೋಯಿತು.

ತವರದ ಡಬ್ಬಿಯ ಜಾಗಕ್ಕೆ ಬಂದ ಮೆತ್ತನೆಯ ಪೊಟ್ಟಣದ ಗುಟ್ಟು ಸೊಗಸಾಗಿದೆ. ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಪಾಲಿಪ್ರೊಪಿಲೀನ್. ಅಡುಗೆ ತುಂಬಿ ಬಾಯಿ ಮುಚ್ಚಿ, ಕುಕ್ಕರಿನಂತೆ ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸಿದರೆ ಕೆಡಿಸುವ ಜೀವಾಣುಗಳೆಲ್ಲ ಸಾಯುತ್ತವೆ. ಡಬ್ಬಿ ದಪ್ಪಗಿರುವುದರಿಂದ ಅದರ ನಡುಮಧ್ಯಕ್ಕೆ ಶಾಖ ಮುಟ್ಟುವ ಹೊತ್ತಿಗೆ ಅಂಚಿನ ಅಡುಗೆ ಬೆಂದು ಕರಗಿಹೋಗಿರುತ್ತದೆ. ಪೊಟ್ಟಣ ತೆಳ್ಳಗಿರುವುದರಿಂದ ಶಾಖ ಬೇಗ ಒಳಹೊಕ್ಕು, ಅಡುಗೆ ಅಡುಗೆಯಾಗಿಯೇ ಉಳಿಯುತ್ತದೆ. ಹಗುರ, ಡಬ್ಬಿ ತೆರೆಯುವ ಚಾಕು ಬೇಡ, ಬಿಸಿನೀರಿನಲ್ಲಿ ಅದ್ದಿದರೆ ಊಟ ಸಿದ್ಧ.

ಅಮೆರಿಕದ ಸೈನ್ಯವೂ 1981ರಿಂದ ಇಂಥ ಪೊಟ್ಟಣಕ್ಕೆ ಬಂತು. ಮೊದಲು 12 ಬಗೆ ಮಾತ್ರ. ಸಿಪಾಯಿಗಳು ಅದರ ಮೂರಕ್ಷರದ ಹೆಸರನ್ನು ತಿರುಚಿ 'ಎಲ್ಲರೂ ತಳ್ಳಿಹಾಕಿದ ಊಟ' ಎಂದು ಹಾಸ್ಯ ಮಾಡಿದರು. 1991ರ ಕೊಲ್ಲಿ ಯುದ್ಧದಲ್ಲಿ ದೂರುಗಳು ಇನ್ನೂ ಹೆಚ್ಚಿದವು. ಈ ಸಲ ಸೈನ್ಯ ಕಿವಿಗೊಟ್ಟಿತು. ಆ ದಶಕ ಮುಗಿಯುವುದರೊಳಗೆ ಬಗೆಗಳು ಇಮ್ಮಡಿಯಾದವು, ಬೆಂಕಿಯಿಲ್ಲದೆ ನೀರು ಸೋಕಿದೊಡನೆ ಬಿಸಿಯಾಗುವ ಚೀಲವೂ ಜತೆಗೆ ಬಂತು. ಗೊಣಗಾಟವೆಂದು ಹಿಂದೆ ತಳ್ಳಿಹಾಕಿದ್ದನ್ನು ಈಗ ಪ್ರಯೋಗಾಲಯದ ಅಳತೆಯಂತೆಯೇ ಲೆಕ್ಕಕ್ಕೆ ಹಿಡಿಯಲಾಯಿತು.

ಇಷ್ಟೆಲ್ಲ ಕತೆಯ ಸಾರ ಒಂದು ಸಾಲಿನದು. ಹೊಟ್ಟೆಗೆ ಸೇರದ ಪೋಷಕಾಂಶಕ್ಕೆ ಬೆಲೆಯಿಲ್ಲ. ಬರ್ಮಾದಲ್ಲಿ ಎಸೆದ ನಿಂಬೆ ಪುಡಿ, ಕೂಟ್‌ನಲ್ಲಿ ಮುಟ್ಟದ ಮಾಂಸ, ಹಿಮದ ಮೇಲೆ ಬೇಯದ ಬೇಳೆ, ಮೂರೂ ಕಾಗದದ ಮೇಲೆ ಒಳ್ಳೆಯ ಆಹಾರವೇ. ಹಾಗೆಂದು ನಾಲಗೆ ಹೇಳಿದ್ದೇ ವೇದವಾಕ್ಯವೆಂದೂ ಅಲ್ಲ. ಕೂಟ್‌ನ ಬಿಳಿ ಬ್ರೆಡ್ಡು ಬಾಯಿಗೆ ಹಿತವಾಗಿಯೇ ಇತ್ತು, ಕಾಲು ಊದಿಸಿದ್ದೂ ಅದೇ. ಬುತ್ತಿ ಕಟ್ಟುವವರ ತಿಳಿವಳಿಕೆಯೂ ಬೇಕು, ಉಣ್ಣುವವರ ಮಾತೂ ಬೇಕು.

ನಾಳೆ ಸಂಜೆ ಡಬ್ಬಿಯಲ್ಲಿ ಪಲ್ಯ ಮತ್ತೆ ಉಳಿದು ಬಂದರೆ, ಗದರುವ ಮೊದಲು ತಾಯಿ ತಂದೆಯರು ಏಕೆ ಉಳಿಯಿತು ಎಂದು ಒಮ್ಮೆ ಕೇಳಬಹುದು. ಮಕ್ಕಳೂ ಅಷ್ಟೇ, ಚೆನ್ನಾಗಿಲ್ಲ ಎಂದು ಮೂತಿ ತಿರುವುವ ಬದಲು ತಣ್ಣಗಾಗಿತ್ತೋ, ಉಪ್ಪು ಕಡಿಮೆಯೋ, ದಿನಾ ಅದೇ ಎಂಬ ಬೇಸರವೋ ಎಂದು ಬಿಡಿಸಿ ಹೇಳಬಹುದು. ಮಾರನೆಯ ದಿನದ ಡಬ್ಬಿ ಖಾಲಿಯಾಗಿ ಬಂದರೆ ಆ ಮಾತುಕತೆ ಸಾರ್ಥಕ.